‘ಥಿನ್ ಸೆಕ್ಷನ್’ಗೆ ‘ತೆಳುಬಿಲ್ಲೆ’ ಅನ್ನಬಹುದೇ?

ಪರ್ವತಾರೋಹಿಗಳು ಶಿಖರಗಳಿಂದ ತಂದ ಕಲ್ಲುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ತುಂಡಿಗೆ ಇಂಗ್ಲಿಷಿನಲ್ಲಿ ‘ಥಿನ್ ಸೆಕ್ಷನ್’ ಅನ್ನುತ್ತಾರೆ, ಅದಕ್ಕೆ ಕನ್ನಡದ ಮಾತು ಬೇಕಾಗಿದೆ. ಬಲ್ಲವರು ಹೇಳಿ.

ಸಂದರ್ಭ ಇದು. 1956ರಲ್ಲಿ ಸ್ವಿಸ್ ತಂಡ ಎವರೆಸ್ಟ್ ಹತ್ತಿತು. ಅವರು ತಂದ ತುದಿಯ ಸುಣ್ಣಕಲ್ಲಿನಲ್ಲಿ ಕ್ರೈನಾಯ್ಡ್ ತುಣುಕುಗಳಿವೆ ಎಂದು ಭೂವಿಜ್ಞಾನಿ ಆಗಸ್ಟೊ ಗಾನ್ಸರ್ 1964ರಲ್ಲಿ ಬರೆದರು. ಕ್ರೈನಾಯ್ಡ್ ಅಂದರೆ ನಕ್ಷತ್ರಮೀನಿನ ಬಳಗದ ಕಡಲಜೀವಿ. 8,848 ಮೀಟರ್ ಎತ್ತರದ ಕಲ್ಲು ಒಂದು ಕಾಲಕ್ಕೆ ಕಡಲ ತಳದ ಕೆಸರಾಗಿತ್ತು! ಅಷ್ಟು ಎತ್ತರದಲ್ಲಿ ಉಸಿರಾಡುವುದೇ ಕಷ್ಟ, ಕೂತು ಪರೀಕ್ಷೆ ಮಾಡೋದು ಎಲ್ಲಿಂದ ಬಂತು? ಜೇಬಿಗೆ ಹಾಕಿಕೊಂಡು ತಂದ ಚೂರೇ ಆಧಾರ.

ಆ ಚೂರು ಹಾಗೇ ಸೂಕ್ಷ್ಮದರ್ಶಕದಡಿ ಇಟ್ಟರೆ ಬೆಳಕು ಹಾಯುವುದಿಲ್ಲ. ಗರಗಸದಿಂದ ಕೊಯ್ದು, ಒಂದು ಮುಖ ನುಣುಪು ಮಾಡಿ, ಗಾಜಿಗೆ ಅಂಟಿಸುತ್ತಾರೆ. ಆಮೇಲೆ ಇನ್ನೊಂದು ಮುಖವನ್ನು ಉಜ್ಜುತ್ತಾ ಹೋಗುತ್ತಾರೆ. 0.03 ಮಿಲಿಮೀಟರಿಗೆ ಇಳಿಯಬೇಕು. ಅಳತೆಗೆ ಒಂದು ಸೊಗಸಾದ ಉಪಾಯವಿದೆ. ಕಲ್ಲಿನಲ್ಲಿ ಬೆಣಚಿನ ಹರಳಿದ್ದರೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ, ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಅದು ಹಳದಿಯಾಗಿ ಕಂಡರೆ ಇನ್ನೂ ದಪ್ಪ ಇದೆ ಅಂತ. ಬೂದು ಬಿಳುಪಿಗೆ ಬಂದಾಗ ಉಜ್ಜೋದು ನಿಲ್ಲಿಸಬೇಕು.

ಹೀಗೆ ಸಿದ್ಧವಾದದ್ದನ್ನು ಏನೆನ್ನೋಣ? ‘ಶಿಲಾಛೇದ’ ಮಕ್ಕಳ ಬಾಯಿಗೆ ಭಾರ. ‘ಪದರ’ ಬೇಡವೇ ಬೇಡ, ಸುಣ್ಣಕಲ್ಲಿಗೆ ಅದರದ್ದೇ ಪದರಗಳಿರುತ್ತವೆ, ಗೊಂದಲ ಜಾಸ್ತಿ. ‘ಚಕ್ಕೆ’ ಅಂದರೆ ಸುತ್ತಿಗೆ ಏಟಿಗೆ ಹಾರಿದ್ದು. ‘ಹೋಳು’ ಚೆನ್ನಾಗಿದೆ, ಆದರೆ ಹೋಳು ದಪ್ಪವೂ ಇರಬಹುದು, ಅಲ್ವಾ? ನನ್ನ ಮನಸ್ಸು ‘ತೆಳುಬಿಲ್ಲೆ’ಯ ಕಡೆಗಿದೆ. ಬಜ್ಜಿಗೆ ಬಾಳೆಕಾಯಿ ಬಿಲ್ಲೆ ಹೆಚ್ಚುತ್ತೇವೆ, ಚಪ್ಪಟೆ, ತೆಳು, ಎರಡೂ ಅದರಲ್ಲಿದೆ. ಬಿಲ್ಲೆ ದುಂಡಗೇ ಇರಬೇಕು ಅನ್ನುವವರಿದ್ದರೆ ದಯವಿಟ್ಟು ತಿಳಿಸಿ. ಇದು ಗಾಜಿನ ಮೇಲೆ ಹೆಚ್ಚಾಗಿ ಆಯತಾಕಾರದಲ್ಲಿರುತ್ತದೆ.

ಇನ್ನೊಂದು ಪದವೂ ಬೇಕು. ಕ್ರೈನಾಯ್ಡಿನ ಒಂದೊಂದು ತುಣುಕೂ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಒಂದೇ ಹರಳು. ಅದೇ ಎರಡು ಪೋಲರಾಯ್ಡ್ ನಡುವೆ ಇಟ್ಟು ಸೂಕ್ಷ್ಮದರ್ಶಕದ ತಟ್ಟೆ ತಿರುಗಿಸಿದರೆ ಇಡೀ ತುಣುಕು ಒಮ್ಮೆಲೇ ಕಪ್ಪಾಗುತ್ತದೆ. ಸುತ್ತಲಿನ ಸಣ್ಣ ಕಣಗಳು ಒಂದೊಂದು ಕೋನದಲ್ಲಿ ಒಂದೊಂದು ಸಲ ಕಪ್ಪಾಗುತ್ತವೆ. ಗುರುತು ಸಿಗುವುದಕ್ಕೆ ಇದು ಬಹಳ ನೆರವು. ಹೀಗೆ ಕಪ್ಪಾಗುವುದನ್ನು ಇಂಗ್ಲಿಷಿನಲ್ಲಿ ‘ಎಕ್ಸ್‌ಟಿಂಕ್ಷನ್’ ಅನ್ನುತ್ತಾರೆ. ‘ಅಳಿವು’ ಅಂತ ಬರೆದರೆ ಪಳೆಯುಳಿಕೆಯ ಮಾತಿನ ನಡುವೆ ಡೈನೋಸಾರ್ ನೆನಪಾಗುತ್ತದೆ, ಅರ್ಥವೇ ಕೆಟ್ಟೀತು. ದೀಪ ನಂದುವ ಹಾಗೆ ‘ಹರಳು ನಂದಿತು’ ಅಂದರೆ ಹೇಗೆ? ಕಪ್ಪಾಗುವ ಕೋನಕ್ಕೆ ‘ನಂದುಕೋನ’ ಅಂತಲೂ ಮಾಡಿಕೊಳ್ಳಬಹುದು.

ಇಳಕಲ್ ಕಡೆ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವವರು ತೆಳ್ಳಗೆ ಕೊಯ್ದ ಕಲ್ಲಿಗೆ ಏನನ್ನುತ್ತಾರೆ? ಅವರ ಬಾಯಲ್ಲಿ ಪದ ಇದ್ದರೆ ನಾನು ‘ತೆಳುಬಿಲ್ಲೆ’ ಬಿಟ್ಟು ಅದನ್ನೇ ಬಳಸುತ್ತೇನೆ.