ಹುಮನಾಬಾದ್ ದಾರಿಗೆ 150 ಅಶ್ವಶಕ್ತಿಯ ಸೆಡಾನ್: ಮಿಸ್ತ್ರಿಯವರಿಗೆ ಒಂದು ಪ್ರಶ್ನೆ

ಪ್ರಶ್ನೆ: ಶರಣಾರ್ಥಿ ಕಾಕಾ. ಮನೆ ಕಲಬುರಗಿಯಲ್ಲಿ, ನೌಕರಿ ಹುಮನಾಬಾದಿನಲ್ಲಿ. ಹೋಗಿ ಬರಲು ದಿನಕ್ಕೆ ಸುಮಾರು 120 ಕಿ.ಮೀ. ಹಳೆಯ ಡೀಸೆಲ್ ಗಾಡಿ ಮಾರಿ, ಓಡಿಸುವಾಗ ಖುಷಿ ಕೊಡುವ ಸೆಡಾನ್ ಕೊಳ್ಳಬೇಕೆಂದಿದ್ದೇನೆ. ಎಸ್‌ಯುವಿ ಬೇಡ, ಆ ಜಗಳ ಮನೆಯಲ್ಲಿ ಆಗಲೇ ಮುಗಿದಿದೆ. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹುಂಡೈ ವರ್ನಾ ಟರ್ಬೊ ಮೂರನ್ನೂ ನೋಡಿದ್ದೇನೆ. ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್ ಇರುವುದನ್ನೇ ತೆಗೆದುಕೊಳ್ಳಿ ಎಂದು ಅಕ್ಕನ ಮಗ ಹಟ ಹಿಡಿದಿದ್ದಾನೆ. ಅಪ್ಪನಿಗೆ ಮೊಣಕಾಲು ನೋವು, ಆಗಾಗ ಆಸ್ಪತ್ರೆಗೆ ಕರೆದೊಯ್ಯಬೇಕು. ಏನು ಮಾಡಲಿ?

ಉತ್ತರ: ಶರಣು ಸರ್. ಅಂಕಿಗಳ ಮಾತು ಮೊದಲು ಮುಗಿಸೋಣ. ಸ್ಲಾವಿಯಾ, ವರ್ಟಸ್ ಎರಡಕ್ಕೂ ಒಂದೇ 1.5 ಟರ್ಬೊ ಎಂಜಿನ್: 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ವರ್ನಾ 160 ಮತ್ತು 253. ಈ ಹತ್ತರ ಅಂತರ ಕಮಲಾಪುರ ದಾಟುವಷ್ಟರಲ್ಲಿ ನಿಮಗೆ ಮರೆತೇ ಹೋಗುತ್ತದೆ. ಲಾರಿ ಹಿಂದಿಕ್ಕಲು ಬೇಕಾದ ಪಿಕಪ್ ಮೂರರಲ್ಲೂ ಧಾರಾಳವಾಗಿದೆ. ಅಪಘಾತ ಸುರಕ್ಷತೆಯ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2023ರಲ್ಲಿ ಮೂರಕ್ಕೂ ಐದು ನಕ್ಷತ್ರ ಸಿಕ್ಕಿದೆ. ಆದ್ದರಿಂದ ನಾನು ಗಾಡಿಯನ್ನು ಬಾನೆಟ್ ಎತ್ತಿ ನೋಡುವುದಿಲ್ಲ, ಕೆಳಗೆ ಮಲಗಿ ನೋಡುತ್ತೇನೆ.

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಯಲೆಯಾಗಿ ನಿಲ್ಲುತ್ತದೆ. ಅಂಥ ರಸ್ತೆಯಲ್ಲಿ ನೂರರ ವೇಗದಲ್ಲಿ ಹಿಂದಿನ ಸೀಟು ತೊಟ್ಟಿಲಾಗಬಾರದು. ಆ ಲೆಕ್ಕದಲ್ಲಿ ಸ್ಲಾವಿಯಾ, ವರ್ಟಸ್ ಗಟ್ಟಿ. ಊರೊಳಗಿನ ಗುಂಡಿಗಳಲ್ಲಿ ಸ್ವಲ್ಪ ಬಡಿಯುತ್ತವೆ, ಅದನ್ನು ಸಹಿಸಬೇಕು. ಖಾಲಿ ಗಾಡಿಯ ಹೊಟ್ಟೆ ನೆಲದಿಂದ 179 ಮಿ.ಮೀ. ಎತ್ತರದಲ್ಲಿರುತ್ತದೆ, ಐದು ಜನ ಕುಳಿತರೆ ಅಷ್ಟಿರುವುದಿಲ್ಲ. ಇನ್ನು ರಸ್ತೆ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಿಗೆ ಆ ಅಳತೆಯ ಸುದ್ದಿ ಮುಟ್ಟಿಲ್ಲ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,651 ಮಿ.ಮೀ. ಇರುವ ಗಾಡಿ ನಡುಹೊಟ್ಟೆಯಲ್ಲಿ ಉಜ್ಜುತ್ತದೆ. ಉಬ್ಬನ್ನು ಓರೆಯಾಗಿ, ನಿಧಾನವಾಗಿ ಹತ್ತಿಸಿ. ಆಯಿಲ್ ಚೇಂಬರ್ ಬಿರುಕು ಬಿಟ್ಟದ್ದು ಗೊತ್ತಾಗದೆ ಎಣ್ಣೆ ಖಾಲಿಯಾಗಿ ಎಂಜಿನ್ ಜಾಮ್ ಆದ ಗಾಡಿಯೊಂದನ್ನು ಹೋದ ವರ್ಷ ನಮ್ಮ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ಯಾವ ಕಂಪನಿಯದು ಎಂಬುದು ಬೇಡ, ತಪ್ಪು ಗಾಡಿಯದಲ್ಲ.

ಗೇರಿನ ವಿಷಯಕ್ಕೆ ನಿಮ್ಮ ಅಳಿಯ ಮುನಿಸಿಕೊಂಡರೂ ಹೇಳಿಬಿಡುತ್ತೇನೆ. ಈ ಮೂರರಲ್ಲೂ 1.5 ಟರ್ಬೊ ಜೊತೆ ಬರುವ ಆಟೊಮ್ಯಾಟಿಕ್ ಒಣ ಜೋಡಿ ಕ್ಲಚ್‌ನದು; ಅವನು ಹೇಳುವ ಡಿಎಸ್‌ಜಿಯೂ ಇದೇ. ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಗಾಳಿಗೇ ತಣ್ಣಗಾಗಬೇಕು. ಹೆದ್ದಾರಿಯಲ್ಲಿ ಬೆಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಇಂಚಿಂಚಾಗಿ ತೆವಳಿದರೆ ಅದೇ ಪ್ಲೇಟು ಅರೆಬರೆ ಹಿಡಿದು ಜಾರುತ್ತ ಕಾಯುತ್ತದೆ. ನಿಮ್ಮ ಓಡಾಟ ಮುಕ್ಕಾಲು ಪಾಲು ಹೆದ್ದಾರಿ, ಓಡಿಸುವ ಖುಷಿಯೂ ಬೇಕು ಎನ್ನುತ್ತೀರಿ. ಹಾಗಾದರೆ ಕೈಗೇರಿನ 1.5 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಯಾವ ಆವೃತ್ತಿಗೆ ಯಾವ ಗೇರ್ ಎಂಬುದು ಆಗಾಗ ಬದಲಾಗುತ್ತದೆ, ಷೋರೂಮಿನಲ್ಲಿ ಕೇಳಿ. ಮನೆಯವರೂ ಊರೊಳಗೆ ದಿನಾ ಓಡಿಸುವುದಾದರೆ ಮಾತ್ರ ಬೇರೆ ಮಾತು: ಸ್ಲಾವಿಯಾ, ವರ್ಟಸ್‌ನಲ್ಲೇ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಬಲ ದಾಟಿಸುವ ಆಟೊಮ್ಯಾಟಿಕ್) ಇರುವ 1.0 ಟರ್ಬೊ ನೋಡಿ. 115 ಅಶ್ವಶಕ್ತಿ, 178 ಟಾರ್ಕ್; ಅದೂ ಸೋಮಾರಿಯಲ್ಲ, ತೆವಳಾಟಕ್ಕೆ ಹೆದರುವುದೂ ಇಲ್ಲ.

ಎವರೇಜ್ ಕೇಳಿಲ್ಲ ನೀವು, ಡೀಸೆಲ್‌ನಿಂದ ಬರುವವರು ಆಮೇಲಾದರೂ ಕೇಳುತ್ತೀರಿ. ಲೀಟರಿಗೆ 15 ಎಂದು ಹಿಡಿದರೆ ದಿನಕ್ಕೆ 8 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದುಕೊಂಡರೂ 800 ಆಯಿತು. ಸ್ಲಾವಿಯಾ, ವರ್ಟಸ್‌ನ 1.5 ಎಂಜಿನ್ ಹಗುರವಾಗಿ ಓಡುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ನಿಲ್ಲಿಸಿಕೊಳ್ಳುತ್ತದೆ. ಕಾಲು ಹಿಡಿತದಲ್ಲಿದ್ದರೆ ಅದರ ಲಾಭ ನಿಮಗೆ.

ಟೆಸ್ಟ್ ಡ್ರೈವ್ ಮಧ್ಯಾಹ್ನ ಎರಡಕ್ಕೆ ಮಾಡಿ. ಎಸಿ ಪೂರ್ತಿ ಹಾಕಿ, ಅಪ್ಪನನ್ನು ಕರೆದುಕೊಂಡು ಹೋಗಿ, ಮುಂದಿನ ಸೀಟನ್ನು ಪೂರ್ತಿ ಮೇಲಕ್ಕೆತ್ತಿ ಅವರನ್ನು ಹತ್ತಿಸಿ ಇಳಿಸಿ ನೋಡಿ. ಸೆಡಾನ್ ಸೀಟು ತಗ್ಗು, ಮೊಣಕಾಲಿಗೆ ಕೂರುವುದಕ್ಕಿಂತ ಏಳುವುದೇ ಕಷ್ಟ. ಖಾಲಿ ರಿಂಗ್ ರೋಡಿನಲ್ಲಿ ಸೇಲ್ಸ್‌ನವರು ತೋರಿಸುವ ಸುತ್ತು ಲೆಕ್ಕಕ್ಕಿಲ್ಲ; ನಿಮ್ಮ ಓಣಿಯ ಉಬ್ಬಿನ ಮೇಲೆ ಹತ್ತಿಸಿ.

ಬೀದರಿನಿಂದ ಒಬ್ಬರು: ಅಣ್ಣಾ, ಹೈದರಾಬಾದಿನಲ್ಲಿ ಸ್ಕೋಡಾದ ಹಳೆಯ ಆಕ್ಟೇವಿಯಾ ಆರ್‌ಎಸ್ 245 ಇದೆ ಎನ್ನುತ್ತಿದ್ದಾರೆ. ತೆಲಂಗಾಣ ಪಾಸಿಂಗ್. ಕೊಳ್ಳಬಹುದೇ?

ಉತ್ತರ: ತಂಗೀ, 2020ರಲ್ಲಿ ಭಾರತಕ್ಕೆ ಬಂದದ್ದೇ 200 ಗಾಡಿ. ಆಸೆಪಡುವಂಥದ್ದೇ, ಆದರೆ ದಿನದ ಓಡಾಟಕ್ಕಲ್ಲ. ಅದರ ಟೈರು 225/40 ಆರ್18, ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರ್ 90 ಮಿ.ಮೀ. ಮಾತ್ರ. ಸ್ಲಾವಿಯಾದ 205/55 ಆರ್16ಕ್ಕೆ 113ರ ಹತ್ತಿರ ಇದೆ. ಒಂದು ಗುಂಡಿಗೆ ರಿಮ್ಮು ಸೊಟ್ಟಗಾಗುತ್ತದೆ. ಕೊಂಡೇ ತೀರುವುದಾದರೆ ತೆಲಂಗಾಣ ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಮೊದಲು ಕೈಗೆ ಬರಲಿ, ಸಾಲ ತೀರಿದ ಪತ್ರವೂ ಬರಲಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮರುನೋಂದಣಿ ಮಾಡಿಸಬೇಕು. ಬೀದರಿನ ಕೆಎ 38 ನೋಂದಣಿ ಮಾಡಿಸುವಾಗ ಕಟ್ಟುವ ಜೀವಿತಾವಧಿ ತೆರಿಗೆಯನ್ನೂ ಈಗಲೇ ಬೆಲೆಗೆ ಸೇರಿಸಿ ಚೌಕಾಶಿ ಮಾಡಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2320 ಎಂದಿದ್ದರೆ 2020ರ 23ನೇ ವಾರದ ಟೈರು, ಬದಲಿಸುವ ಖರ್ಚು ನಿಮ್ಮದೇ.

ಮೊದಲು ಕೇಳಿದವರು: ಕಾಕಾ, ಕೈಗೇರಿಗೆ ಮನಸ್ಸು ಮಾಡಿದ್ದೇನೆ. ಇನ್ನೊಂದು ಸಂಶಯ. ಸುಗ್ಗಿಯಲ್ಲಿ ನಮ್ಮ ಹಳ್ಳಿಯ ರಸ್ತೆಯಲ್ಲಿ ತೊಗರಿ, ಕಡಲೆ ಒಕ್ಕಣೆಗೆ ಹಾಸಿರುತ್ತಾರೆ. ತಗ್ಗು ಗಾಡಿಗೆ ತೊಂದರೆಯೇ?

ಉತ್ತರ: ಒಳ್ಳೆಯದನ್ನು ಕೇಳಿದಿರಿ. ಸೈಲೆನ್ಸರಿನ ಮುಂಭಾಗ ಕೆಂಡದಂತೆ ಕಾದಿರುತ್ತದೆ, ಅಲ್ಲಿ ಒಣ ಕಟ್ಟಿಗೆ ಸಿಕ್ಕಿಕೊಂಡರೆ ಬೆಂಕಿ ಹೊತ್ತಿಕೊಳ್ಳಬಹುದು. ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ. ದಾಟಲೇಬೇಕಾಗಿ ಬಂದರೆ ದಾಟಿದ ಮೇಲೆ ಹುಲ್ಲು, ಹೊಟ್ಟು ಇಲ್ಲದ ಬರಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ. ಆಕ್ಸೆಲ್‌ಗೆ ಸುತ್ತಿಕೊಂಡದ್ದು ಕೈಯಲ್ಲಿ ಎಳೆದರೆ ಬರುವುದಿಲ್ಲ. ಸ್ಲಾವಿಯಾ ಆಗಲಿ ವರ್ಟಸ್ ಆಗಲಿ, ಡಿಕ್ಕಿ 521 ಲೀಟರ್ ಇದೆ. ಅದರಲ್ಲಿ ಒಂದು ಹಳೆಯ ಕುಡುಗೋಲಿಗೆ ಜಾಗ ಮಾಡಿ.