ಹೊರಗಿನ ಎಸ್‌ಎಸ್‌ಡಿಗೆ ಮಿಂಟ್ ಹಾಕಿದೆ, ಈಗ ವಿಂಡೋಸ್ ಬರುತ್ತಿಲ್ಲ

ಬೆಣ್ಣೆದೋಸೆ: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಯುಎಸ್‌ಬಿ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ 22 (ವಿಂಡೋಸ್ ಥರದ ಇನ್ನೊಂದು ಓಎಸ್) ಹಾಕಿದೆ. ಬೂಟ್‌ಲೋಡರ್‌ಗೂ (ಆನ್ ಮಾಡಿದಾಗ ಓಎಸ್ ಶುರು ಮಾಡುವ ಪ್ರೋಗ್ರಾಂ) ಅದೇ ಡಿಸ್ಕ್ ಆರಿಸಿದ್ದೆ. ಈಗ ಎಸ್‌ಎಸ್‌ಡಿ ಕಿತ್ತರೆ ವಿಂಡೋಸ್ ಬರಲ್ಲ. ಕಪ್ಪು ಪರದೆ, ಅದರ ಮೇಲೆ ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಅಂತ ಮಾತ್ರ ಇರುತ್ತದೆ. ಏನು ಮಾಡಲಿ?

ಟರ್ಮಿನಲ್_ತಾತ: ನೀವು ಸರಿಯಾಗಿ ಆರಿಸಿರುವುದಿಲ್ಲ. ಓದದೆ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಹೀಗೇ.

ಮಳೆಕಾಡು: ಅವರ ತಪ್ಪಲ್ಲ ತಾತ. ಮಿಂಟ್‌ನ ಇನ್‌ಸ್ಟಾಲರ್ ಯುಬಿಕ್ವಿಟಿ. ಯುಇಎಫ್‌ಐ (ಹೊಸ ಮಾದರಿಯ ಬಯಾಸ್) ಲ್ಯಾಪ್‌ಟಾಪ್‌ನಲ್ಲಿ ಯಾವ ಡಿಸ್ಕ್ ತೋರಿಸಿದರೂ ಅದು ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೇ (ಬೂಟ್‌ಲೋಡರ್‌ಗಳು ಇರುವ ಭಾಗ) ಗ್ರಬ್ ಬರೆದುಬಿಡುತ್ತದೆ. ಹಳೇ ಬಗ್. ವಿಂಡೋಸ್ ಎಲ್ಲೂ ಹೋಗಿಲ್ಲ. ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ಆಮೇಲೆ ಬಯಾಸ್‌ನಲ್ಲಿ ಅದನ್ನೇ ಮೇಲಕ್ಕೆ ತನ್ನಿ. ಮುಂದಿನ ಸಲ ಒಳಗಿನ ಡಿಸ್ಕನ್ನು ಬಯಾಸ್‌ನಲ್ಲಿ ಆಫ್ ಮಾಡಿಯೇ ಶುರು ಮಾಡಿ. ಅಂದ ಹಾಗೆ, ಐಎಸ್‌ಒ (ಡೌನ್‌ಲೋಡ್ ಮಾಡಿದ ಇನ್‌ಸ್ಟಾಲ್ ಫೈಲ್) ಚೆಕ್‌ಸಮ್, ಅಂದರೆ ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಸಂಕೇತ, ನೋಡಿದ್ರಾ?

ರೂಫಸ್_ರಂಗ: ಚೆಕ್‌ಸಮ್ಮಂತೆ! ಎಷ್ಟೋ ವರ್ಷದಿಂದ ರೂಫಸ್ ಆಪ್‌ನಲ್ಲಿ ಬೂಟ್ ಪೆನ್‌ಡ್ರೈವ್ ಮಾಡುತ್ತಿದ್ದೇನೆ. ಒಂದು ದಿನವೂ ನೋಡಿಲ್ಲ. ಏನೂ ಆಗಿಲ್ಲ.

ಟರ್ಮಿನಲ್_ತಾತ: "ಏನೂ ಆಗಿಲ್ಲ" ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ? 2016ರ ಫೆಬ್ರುವರಿಯಲ್ಲಿ ಇದೇ ಮಿಂಟ್ ಸೈಟಿಗೆ ಕನ್ನ ಹಾಕಿ, ಕಳ್ಳರಿಗೆ ಹಿಂಬಾಗಿಲಿದ್ದ ಐಎಸ್‌ಒ ಕಡೆಗೆ ಲಿಂಕ್ ತಿರುಗಿಸಿದ್ದರು.

ರೂಫಸ್_ರಂಗ: ಸೈಟಿಗೇ ಕನ್ನ ಬಿದ್ದ ಮೇಲೆ, ಅಲ್ಲೇ ಬರೆದಿಟ್ಟ ಚೆಕ್‌ಸಮ್ ಮಾತ್ರ ಸತ್ಯಹರಿಶ್ಚಂದ್ರನಾ? ನಿಮ್ಮ ಉದಾಹರಣೆ ನನ್ನ ಪರವಾಗೇ ಇದೆ.

ಮಳೆಕಾಡು: ಅದಕ್ಕೇ ಚೆಕ್‌ಸಮ್ ಫೈಲಿಗೆ ಜಿಪಿಜಿ ಸಹಿ (ಗುಟ್ಟಿನ ಕೀಯಿಂದ ಹಾಕುವ ಡಿಜಿಟಲ್ ಸಹಿ) ಇರುತ್ತದೆ. ಕಳ್ಳನ ಹತ್ತಿರ ಕೀ ಇರಲ್ಲ.

ರೂಫಸ್_ರಂಗ: ಸಹಿ ಬೇರೆ! ಪೆನ್‌ಡ್ರೈವ್‌ಗೂ ನೋಟರಿ ಹತ್ತಿರ ಹೋಗಬೇಕಾ?

ಟರ್ಮಿನಲ್_ತಾತ: ನಗಿ. ಬಟನ್ ಒತ್ತಿ ಬೆಳೆದವರಿಗೆ ಇದೆಲ್ಲ ತಮಾಷೆ. ನಾನು ಇವತ್ತಿಗೂ ಪೆನ್‌ಡ್ರೈವ್‌ಗೆ ಐಎಸ್‌ಒ ಅನ್ನು ಡಿಡಿ ಕಮಾಂಡ್‌ನಲ್ಲೇ ಬರೆಯುವುದು.

ರೂಫಸ್_ರಂಗ: ಡಿಡಿಯಾ? ಡಿಸ್ಕ್ ಹೆಸರು ಎಸ್‌ಡಿಬಿ ಬದಲು ಎಸ್‌ಡಿಎ ಅಂತ ಹೊಡೆದರೆ ಇಡೀ ಡಿಸ್ಕ್ ಗೋವಿಂದ. ಅದು ಕೇಳುವುದೂ ಇಲ್ಲ, ತಡೆಯುವುದೂ ಇಲ್ಲ. ಇವರು ನಮಗೆ ಸುರಕ್ಷತೆ ಹೇಳಿಕೊಡುತ್ತಾರೆ.

ಟರ್ಮಿನಲ್_ತಾತ: ಮೊದಲು ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹೊಡೆದು ನೋಡಲು ಕಣ್ಣಿರಬೇಕು ಸ್ವಾಮಿ!

ಬೆಣ್ಣೆದೋಸೆ: ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು. ಆದರೆ ಈಗ 48 ಅಂಕಿಯ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಕೇಳುತ್ತಿದೆ. ಎಲ್ಲಿರುತ್ತದೆ ಅದು?

ಮಳೆಕಾಡು: ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ರೂಫಸ್_ರಂಗ: ತಾತ, ಹರಿಶ್ಚಂದ್ರನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.