ಅಪ್‌ಡೇಟ್: ಅತ್ತಿಗೆಯ ಮೋಯಾಮೋಯಾ, ರಕ್ತ ಸೋರಿದ್ದು ಯಾಕೆ ಅಂತ ಗೊತ್ತಾಯಿತು

ಅತ್ತಿಗೆಗೆ ಮೋಯಾಮೋಯಾ, ಅಂದರೆ ಮೆದುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗುತ್ತಾ ಹೋಗುವ ಕಾಯಿಲೆ. ಅವರಿಗೆ ಮೆದುಳಲ್ಲಿ ರಕ್ತ ಸೋರಿತ್ತು. ನಾಳ ಕಿರಿದಾಗುವ ಕಾಯಿಲೆಯಲ್ಲಿ ರಕ್ತ ಸೋರೋದು ಹೇಗೆ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಬಿಪಿ ಇರಬೇಕು ಅಂದವರೇ ಜಾಸ್ತಿ, ಆದರೆ ಅತ್ತಿಗೆಯ ಬಿಪಿ ನಾರ್ಮಲ್. ಡಿಎಸ್‌ಎ ಆಂಜಿಯೋಗ್ರಾಮ್ (ನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಮಾಡಿಸಿ ಅಂದವರ ಮಾತು ಕೆಲಸಕ್ಕೆ ಬಂತು. ಡಾಕ್ಟರು ಪರದೆ ಮೇಲೆ ತೋರಿಸಿದರು: ಕತ್ತಿನಿಂದ ಮೇಲೆ ಹೋಗುವ ದೊಡ್ಡ ನಾಳದ ತುದಿಯಲ್ಲಿ ಒಳಪದರ ದಪ್ಪಗಾಗಿ ದಾರಿ ಕಟ್ಟಿದೆ. ರಕ್ತ ಮೆದುಳಿನ ತಳದ ಕೂದಲೆಳೆಯಂಥ ನಾಳಗಳಿಗೆ ತಿರುಗಿದೆ. ವರ್ಷಗಟ್ಟಲೆ ಆ ಹೊರೆ ಹೊತ್ತು ಅವುಗಳ ಗೋಡೆ ತೆಳುವಾಗುತ್ತದೆ, ಹಿಗ್ಗಿ ಕುಗ್ಗುವ ಪದರ ಹರಿಯುತ್ತದೆ, ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಒಡೆಯೋದು ಅಲ್ಲೇ.

ಆಶ್ಚರ್ಯ ಏನಂದ್ರೆ, ರಕ್ತ ಸೋರಿದವರಿಗೂ ಬೈಪಾಸ್ (ತಲೆಚರ್ಮದ ನಾಳವನ್ನು ಮೆದುಳಿನ ನಾಳಕ್ಕೆ ಜೋಡಿಸುವ ಆಪರೇಷನ್) ಮಾಡುತ್ತಾರೆ! ಹರಿವು ಹೆಚ್ಚಿಸಿದರೆ ಇನ್ನೂ ಸೋರಲ್ವಾ ಅಂತ ನನಗೆ ಭಯ. ಇಲ್ಲವಂತೆ, ಸಣ್ಣ ನಾಳಗಳ ಹೊರೆ ಇಳಿಯುತ್ತದಂತೆ. 2014ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಬೈಪಾಸ್ ಆದವರಿಗೆ ಮತ್ತೆ ರಕ್ತ ಸೋರಿದ್ದು ಕಡಿಮೆ. ಅತ್ತಿಗೆಗೆ ಮುಂದಿನ ತಿಂಗಳು ಆಪರೇಷನ್.